ಎರಡು ಎಲೆ ಊಟ

"ಗುರುಗಳೇ, ಹೆಚ್ಚು ಕಷ್ಟವಿಲ್ಲದೆ ಮುಕ್ತಿ ಸಿಗುವ ದಾರಿ ಯಾವುದಾದರೂ ಇದೆಯೇ?" ಎಂದು ಶಿಷ್ಯ ಕೇಳಿದ.

ಈ ಶಿಷ್ಯ ಪಕ್ಕದ ಕೋಣೆಯ ಸಂಗಯ್ಯನೊಡನೆ ಮಾತು ಬಿಟ್ಟು ಮೂರು ತಿಂಗಳಾಗಿತ್ತು. ಮಠದಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಗುರುಗಳು ಅದನ್ನು ಎತ್ತಲಿಲ್ಲ, ನಕ್ಕರು.

"ಅಗ್ಗದ್ದು ಬೇಕೆನ್ನು. ನಾಚಿಕೆ ಏಕೆ? ಒಬ್ಬ ಕುಂಬಾರನೂ ಅಗ್ಗದ್ದನ್ನೇ ಹುಡುಕಿ ಹೊರಟಿದ್ದ, ಕೇಳು" ಎಂದರು.

ಕುಂಬಾರನಿಗೆ ಒಬ್ಬಳೇ ಮಗಳು, ತಾಯಿಯಿಲ್ಲದ ಹುಡುಗಿ. ಮದುವೆ ಗೊತ್ತಾಗಿತ್ತು, ಆದರೆ ಮುಂದೆ ನಿಂತು ನಡೆಸಲು ಮನೆಯಲ್ಲಿ ಯಾರೂ ಇರಲಿಲ್ಲ. ಅದೇ ಬೀದಿಯ ಕೊನೆಯಲ್ಲಿ ಅವನ ಅಕ್ಕ ಇದ್ದಳು. ಹುಡುಗಿಯನ್ನು ತನ್ನ ಮಗನಿಗೇ ಕೊಡು ಎಂದು ಅವಳು ಕೇಳಿದ್ದಳು, ಇವನು ಒಲ್ಲೆ ಎಂದಿದ್ದ. ಆಡಬಾರದ ಮಾತುಗಳು ಬಂದುಹೋಗಿದ್ದವು. ಅಂದಿನಿಂದ ಅವನು ಆ ಮನೆಯ ಮುಂದೆ ಮುಖ ತಿರುಗಿಸಿಕೊಂಡೇ ನಡೆಯುತ್ತಿದ್ದ. ಮದುವೆಗೂ ಅವಳನ್ನು ಕರೆಯಲಿಲ್ಲ.

ಮದುವೆ ನಡೆಸಿಕೊಡುವವರು ಪೇಟೆಯಲ್ಲಿ ಹಲವರಿದ್ದರು. ಅವರು ಹೇಳಿದ ಕೂಲಿ ಕುಂಬಾರನ ಕೈಗೆ ಎಟುಕುವಂತಿರಲಿಲ್ಲ. ಕೊನೆಗೆ ಯಾರೋ ಒಬ್ಬ ಮುದುಕಿಯ ಮನೆ ತೋರಿಸಿದರು.

"ನಿನ್ನ ಕೈಲಾದಷ್ಟು ತಂದು ಹಾಕು. ಉಳಿದದ್ದು ಎಲ್ಲಿಂದ ಬಂತು ಅಂತ ಕೇಳಬೇಡ. ಕೊನೇ ಪಂಕ್ತಿಯಲ್ಲಿ ಎರಡು ಎಲೆ ಊಟ ಕೊಡು, ಅದೇ ನನ್ನ ಕೂಲಿ" ಎಂದಳು ಮುದುಕಿ.

"ಅಷ್ಟೇನಾ ಅವ್ವಾ?"

"ಅಷ್ಟೇ. ಕೊಡುವಾಗ ಹಿಂದೆಮುಂದೆ ನೋಡಬಾರದು."

ಕುಂಬಾರ ಕುಣಿಯುತ್ತ ಮನೆಗೆ ಬಂದ.

ಮದುವೆಯ ದಿನ ಅವನು ತನ್ನ ಕಣ್ಣನ್ನೇ ನಂಬಲಿಲ್ಲ. ಅವನು ತಂದದ್ದು ಒಂದು ಚೀಲ ಅಕ್ಕಿ, ಒಲೆಯ ಹತ್ತಿರ ನಾಲ್ಕು ಚೀಲಗಳಿದ್ದವು. ಬೆಳಗಾದರೆ ಜಗಳಕ್ಕೆ ನಿಲ್ಲುವ ನೆರೆಯವರು ಒಂದೇ ಬಾವಿಯಿಂದ ನೀರು ಸೇದಿ ತರುತ್ತಿದ್ದರು. ಮುದುಕಿ ಓಡಾಡಲಿಲ್ಲ, ಒಮ್ಮೆಯೂ ದನಿ ಎತ್ತಲಿಲ್ಲ. ಹಂದರದ ಕಂಬಕ್ಕೆ ಒರಗಿ ಕೂತಿದ್ದಳು, ಕೆಲಸಗಳು ತಾವಾಗಿ ಆಗುತ್ತಿದ್ದವು. ತಾಳಿ ಕಟ್ಟಿದಾಗ ಕುಂಬಾರ ದೂರದಿಂದಲೇ ಅವಳಿಗೆ ಕೈ ಮುಗಿದ.

ಕೊನೆಯ ಪಂಕ್ತಿ ಕೂತಿತು. ಬೀಗರ ಹಿರಿಯರೂ ಅದರಲ್ಲಿದ್ದರು. ಮುದುಕಿ ಒಂದು ಎಲೆಗೆ ಕೂತಳು, ಪಕ್ಕದ ಎಲೆಯ ಮುಂದೆ ಯಾರೂ ಇರಲಿಲ್ಲ. ಎರಡಕ್ಕೂ ಬಡಿಸಿದರು. ಎಲ್ಲರೂ ಉಂಡರು. ಮುದುಕಿ ಮಾತ್ರ ಅನ್ನಕ್ಕೆ ಕೈ ಹಾಕಲಿಲ್ಲ. ಒಬ್ಬರ ಊಟ ಉಳಿದರೂ ಪಂಕ್ತಿ ಏಳುವಂತಿಲ್ಲ. ಹಿರಿಯರು ಎಂಜಲು ಕೈ ಒಣಗಿಸಿಕೊಂಡು ಕೂತರು. ಹೆಣ್ಣನ್ನು ಕಳಿಸಿಕೊಡುವ ಗಳಿಗೆ ಹತ್ತಿರವಾಗುತ್ತಿತ್ತು. ಅದು ಮೀರಿದರೆ ಹುಡುಗಿಯನ್ನು ಕರೆದೊಯ್ಯುವುದಿಲ್ಲ ಎಂದು ಬೀಗರು ಮೊದಲೇ ಹೇಳಿದ್ದರು.

ಕುಂಬಾರ ಮುದುಕಿಯ ಎಲೆಯ ಮುಂದೆ ಕುಕ್ಕರಿಸಿದ. "ಅವ್ವಾ, ಈ ಎಲೆ ಯಾರಿಗೆ? ಹೇಳು, ಹೊತ್ತುಕೊಂಡಾದರೂ ತರುತ್ತೇನೆ."

"ಅಕ್ಕಿ ಕೊಟ್ಟವಳಿಗೆ" ಎಂದಳು ಮುದುಕಿ. "ಬೀದಿಯ ಕೊನೇ ಮನೆ. ನಾನು ಕರೆದು ನೋಡಿದೆ. ತಮ್ಮ ಬಂದು ಕರೀಲಿ ಅಂದಳು."

ಕುಂಬಾರ ಓಡಿದ. ಅಕ್ಕ ಬಾಗಿಲಲ್ಲೇ ಕೂತಿದ್ದಳು. ತಲೆಗೆ ನೀರು ಹಾಕಿಕೊಂಡು, ತನ್ನ ಮದುವೆಯ ಸೀರೆ ಉಟ್ಟು, ಹುಡುಗಿಗೆಂದು ತಂದ ಹಸಿರು ಬಳೆಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಬೆಳಗಿನಿಂದ ಒಂದು ತುತ್ತೂ ತಿಂದಿರಲಿಲ್ಲ.

"ಎಷ್ಟು ಹೊತ್ತು ಮಾಡಿದೆಯೋ ತಮ್ಮಾ" ಎಂದಳು.

ಅವನು ಬೀದಿಯಲ್ಲೇ ಅವಳ ಕಾಲು ಹಿಡಿದು ಅತ್ತ. ಅಕ್ಕ ಬಂದು ಎಲೆಯ ಮುಂದೆ ಕೂತ ಮೇಲೆ ಮುದುಕಿ ಮೊದಲ ತುತ್ತು ಎತ್ತಿದಳು. ಗಳಿಗೆ ಮೀರುವ ಮೊದಲೇ ಸೋದರತ್ತೆ ತೊಡಿಸಿದ ಬಳೆಗಳೊಂದಿಗೆ ಹುಡುಗಿ ಗಂಡನ ಮನೆಗೆ ಹೊರಟಳು.

"ಇದನ್ನು ಹೇಳುವಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ" ಎಂದರು ಗುರುಗಳು.

ಶಿಷ್ಯ ಕಣ್ಣೊರೆಸಿಕೊಂಡ. "ಅಂಥ ಮುದುಕಿ ನನಗೂ ಸಿಗಬೇಕಲ್ಲ ಗುರುಗಳೇ!" ಎಂದ.

ಮಠದಲ್ಲಿ ಊಟದ ಗಂಟೆ ಮೊಳಗಿತು. ಗುರುಗಳು ಎದ್ದು ನಿಂತರು.

"ಎಲೆ ಆಗಲೇ ಹಾಕಿದೆಯಪ್ಪಾ, ಸಂಗಯ್ಯನನ್ನು ಕರೆಯುವುದೊಂದೇ ಬಾಕಿ."