ನೆಲವನ್ನು ಕೇಳುವ ಕಾಲು

"ಉಸ್ತಾದ್ರೇ, ಹಳೇದ್ರಲ್ಲಿ ಯಾವುದನ್ನ ಬಿಡ್ಬೇಕು, ಯಾವುದನ್ನ ಇಟ್ಕೋಬೇಕು?" ಎಂದು ಶಿಷ್ಯ ಕೇಳಿದ.

ಕೇಳಿದ್ದಕ್ಕೆ ಕಾರಣವಿತ್ತು. ಉಸ್ತಾದರ ಮಂಡಿ ಸೋತಿತ್ತು. ಇನ್ನು ಮೇಲೆ ಗರಡಿಮನೆಯನ್ನು ಶಿಷ್ಯನೇ ನೋಡಿಕೊಳ್ಳಬೇಕೆಂದು ತೀರ್ಮಾನವಾಗಿತ್ತು. ದಿನಾ ಬೆಳಿಗ್ಗೆ ಕುಸ್ತಿಗೆ ಮೊದಲು ಪೈಲ್ವಾನರೆಲ್ಲ ಗುದ್ದಲಿ ಹಿಡಿದು ಅಖಾಡದ ಮಣ್ಣನ್ನು ಅಗೆದು ಸಡಿಲ ಮಾಡುವುದು ಆ ಗರಡಿಯ ಕಟ್ಟಳೆ. ಅದನ್ನು ವಾರಕ್ಕೊಮ್ಮೆ ಮಾಡಿದರೆ ಸಾಕು ಎಂದು ಶಿಷ್ಯನ ಮನಸ್ಸು. ಹುಡುಗರಿಗೆ ಕಾಲೇಜಿದೆ, ಕೆಲಸವಿದೆ, ಅಗೆಯುವುದರಲ್ಲೇ ಹೊತ್ತು ಹೋದರೆ ಪಟ್ಟು ಕಲಿಯುವುದು ಯಾವಾಗ ಎಂದ. ಹೀಗೇ ಆದರೆ ಎಲ್ಲರೂ ಜಿಮ್ಮಿಗೆ ಹೋಗುತ್ತಾರೆ, ಗರಡಿಗೆ ಬೀಗ ಬೀಳುತ್ತದೆ ಎಂದ. ಅವನು ಹೇಳಿದ್ದು ಸುಳ್ಳೇನಲ್ಲ.

ಉಸ್ತಾದರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. "ಕೂತ್ಕೋ. ಕಡಲಾಚೆ ಬೋರ್ನಿಯೋ ಅಂತ ಒಂದು ದ್ವೀಪ. ಅಲ್ಲಿ ಇಬಾನರು ಅಂತ ಜನ. ಅವರದೊಂದು ಕತೆ ಇದೆ. ನಿಮಗೆ ಯಾರು ಹೇಳಿದ್ರು ಅಂತ ಕೇಳ್ಬೇಡ, ಕತೆ ಕೇಳು" ಎಂದು ಶುರು ಮಾಡಿದರು.

ಇಬಾನರ ಹಳೆಯ ಊರೆಂದರೆ ಒಂದೇ ಮನೆ. ನದಿಯ ದಡದಲ್ಲಿ ಕಂಬಗಳ ಮೇಲೆ ಎತ್ತಿ ಕಟ್ಟಿದ ಉದ್ದನೆಯ ಮನೆ. ಒಂದು ಬದಿಗೆ ಸಂಸಾರಕ್ಕೊಂದು ಕೋಣೆ, ಎಲ್ಲ ಕೋಣೆಗಳ ಮುಂದೆ ಎಲ್ಲರಿಗೂ ಸೇರಿದ ಒಂದೇ ಪಡಸಾಲೆ. ಪಡಸಾಲೆಗೆ ಹಾಸಿದ್ದು ಸೀಳಿದ ಬಿದಿರು, ಬಿಗಿದದ್ದು ಬೆತ್ತದಿಂದ. ಅದರ ಕೆಳಗೆ ಆಳೆತ್ತರದ ಖಾಲಿ ಜಾಗ, ಹಂದಿ ಕೋಳಿಗಳ ಓಡಾಟ. ಮದುವೆ, ನ್ಯಾಯ, ಹರಟೆ, ಜಗಳ ಎಲ್ಲವೂ ಆ ಪಡಸಾಲೆಯಲ್ಲೇ. ಕುಂತಾವ್ ಎಂಬ ಅವರ ಕಾಳಗದ ವಿದ್ಯೆಯನ್ನು ಕಲಿಸುತ್ತಿದ್ದದ್ದೂ ಅಲ್ಲೇ.

ಅಂಥ ಒಂದು ಮನೆಯಲ್ಲಿ ಆ ವಿದ್ಯೆಗೆ ಎರಡು ಕಟ್ಟಳೆ ಇದ್ದವು. ಹೊಡೆತ ಕಲಿಸುವುದಕ್ಕೆ ಮೊದಲು ಹೆಜ್ಜೆ ಕಲಿಸಬೇಕು. ಪಾದದ ಹೊರ ಅಂಚನ್ನು ಮೊದಲು ಬಿದಿರಿಗೆ ತಾಗಿಸಬೇಕು, ಅರೆಕ್ಷಣ ತಡೆಯಬೇಕು, ಅದು ಭಾರ ತಾಳುತ್ತದೆ ಎಂದು ಕಾಲಿಗೆ ತಿಳಿದ ಮೇಲೆ ಮೈಯ ಭಾರ ಬಿಡಬೇಕು. ಅದನ್ನು ಅವರು ನೆಲವನ್ನು ಕೇಳುವುದು ಎನ್ನುತ್ತಿದ್ದರು. ಇನ್ನೊಂದು ಕಟ್ಟಳೆ ನೋಡುವವರಿಗೆ ಸೇರಿದ್ದು. ಇಬ್ಬರು ಎದುರುಬದುರಾಗಿ ನಿಂತ ಮೇಲೆ ಆಟ ಮುಗಿಯುವ ತನಕ ಯಾರೂ ತುಟಿ ಪಿಟಕ್ ಎನ್ನಬಾರದು. ಯಾಕೆಂದು ಯಾರೂ ಕೇಳುತ್ತಿರಲಿಲ್ಲ. ಹಿರಿಯರು ಹೇಳಿದ್ದಾರೆ, ಅಷ್ಟೇ.

ಆ ಮನೆಯಲ್ಲಿ ವಿದ್ಯೆ ಪೂರ್ತಿ ಬಲ್ಲವನು ಜಾಂಟಿಂಗ್ ಒಬ್ಬನೇ ಉಳಿದಿದ್ದ. ಅವನ ಗುರು ಸಾಯುವಾಗ, ಇದು ನಿನ್ನ ಜೊತೆ ಮಣ್ಣಾಗಬಾರದು ಎಂದು ಮಾತು ತೆಗೆದುಕೊಂಡಿದ್ದ. ಆದರೆ ಕಲಿಯುವವರು ಎಲ್ಲಿದ್ದಾರೆ? ಹರೆಯದವರೆಲ್ಲ ನದಿ ಇಳಿದು ಪೇಟೆಗೆ ಹೋಗಿದ್ದರು, ಪ್ಲೈವುಡ್ ಕಾರ್ಖಾನೆಗೆ, ಅಂಗಡಿಗಳಿಗೆ, ಬಂದರಿಗೆ. ಬಾವಿ ತಮ್ಮ ಬಳಿಗೆ ಬರಲಿ ಎಂದು ಬಾಯಾರಿದವರು ಕಾಯುವುದಿಲ್ಲ, ಬೇರೆ ನೀರು ಕುಡಿಯುತ್ತಾರೆ. ಅದನ್ನು ತಿಳಿದು ಜಾಂಟಿಂಗನೂ ಪೇಟೆಗೆ ಇಳಿದ. ತೀರಿಹೋದ ತಮ್ಮನ ಮಗಳು ಲೆಮಾಯ್‌ಳನ್ನು ಜೊತೆಗೆ ಕರೆದುಕೊಂಡ. ಅವಳ ತಾಯಿ ಒಂದೇ ಮಾತು ಹೇಳಿ ಕಳಿಸಿದಳು. ನಿಮ್ಮ ಕೈಗೆ ಕೊಟ್ಟಿದ್ದೇನೆ, ಭಾವ.

ಪೇಟೆಯಲ್ಲಿ ಒಂದು ಹಾಲ್ ಸಿಕ್ಕಿತು. ಸಿಮೆಂಟಿನ ನೆಲ, ಮೇಲೆ ರಬ್ಬರಿನ ಹಾಸು. ಕಾರ್ಖಾನೆ ಬಿಟ್ಟ ಮೇಲೆ ಹುಡುಗರು ಬಂದರು. ಜಾಂಟಿಂಗ್ ಅವರಿಗೆ ಒಂದು ಮಳೆಗಾಲವಿಡೀ ನೆಲವನ್ನು ಕೇಳುವುದನ್ನೇ ಕಲಿಸಿದ. ಒಬ್ಬ ತಡೆಯಲಾರದೆ ಹೇಳಿದ: "ಸಿಮೆಂಟನ್ನ ಏನಂತ ಕೇಳೋದು ಗುರುಗಳೇ? ಅದು ಯಾವಾಗ್ಲೂ ಹೂಂ ಅಂತಲೇ ಹೇಳುತ್ತೆ." ಎಲ್ಲರೂ ನಕ್ಕರು. ಜಾಂಟಿಂಗನಿಗೂ ನಗು ಬಂತು. ಆಮೇಲೆ ಮತ್ತೆ ಅದೇ ಹೆಜ್ಜೆಯನ್ನು ಹಾಕಿಸಿದ.

ಹುಡುಗರು ಒಬ್ಬೊಬ್ಬರಾಗಿ ಕಳಚಿಕೊಂಡರು. ಲೆಮಾಯ್ ಉಳಿದಳು. ಅವಳನ್ನು ಪಂದ್ಯಕ್ಕೆ ನಿಲ್ಲಿಸಿದ. ಹುಡುಗಿ ಪಡಸಾಲೆಯಲ್ಲಿ ಅಂಬೆಗಾಲಿಟ್ಟು ಬೆಳೆದವಳು. ಅವಳ ಕಾಲು ಪ್ರತಿ ಹೆಜ್ಜೆಗೂ ನೆಲವನ್ನು ಕೇಳುತ್ತಿತ್ತು. ಅವಳು ಕೇಳುವಷ್ಟರಲ್ಲಿ ಎದುರಾಳಿ ಒದ್ದು ಮುಗಿಸಿರುತ್ತಿದ್ದಳು. ಹುಡುಗಿ ಹಿಂಜರಿಯುತ್ತಾಳೆ ಎಂದು ತೀರ್ಪುಗಾರರು ಅಂಕ ಕಳೆದರು. ಮೂಗಿನ ರಕ್ತ ಒರೆಸಿಕೊಂಡು ಅವಳು ಮೂಲೆಗೆ ಬಂದು ಕೂತಾಗ ಜಾಂಟಿಂಗನಿಗೆ ಅವಳ ತಾಯಿಯ ಮಾತು ನೆನಪಾಯಿತು.

ಅವತ್ತೇ ಅವನು ಆ ಹೆಜ್ಜೆಯನ್ನು ಬಿಟ್ಟ. ಸದ್ಯಕ್ಕೆ ಎಂದು ತನಗೆ ತಾನೇ ಹೇಳಿಕೊಂಡ. ಹೊಸದಾಗಿ ಬಂದವರಿಗೆ ಅದನ್ನು ಕಲಿಸದೆ ಬಿಡುವುದು ಸುಲಭದ ಕೆಲಸ. ಲೆಮಾಯ್‌ಳ ಕಾಲಿನಿಂದ ಅದನ್ನು ಕೀಳುವುದು ಕಷ್ಟವಾಯಿತು. ಅವಳು ತಡೆದಾಗಲೆಲ್ಲ ಬೆತ್ತದ ತುದಿಯಿಂದ ಹಿಮ್ಮಡಿಗೆ ತಟ್ಟುತ್ತಿದ್ದ. ಅವಳು ನೋವನ್ನು ನುಂಗಿಕೊಂಡು, ದೊಡ್ಡಪ್ಪ ಹೇಳಿದ ಮೇಲೆ ಸರಿಯೇ ಇರಬೇಕು ಎಂದು ಕಾಲನ್ನು ಪಳಗಿಸಿಕೊಂಡಳು. ಕಲಿಸುವುದಕ್ಕೆ ಹಿಡಿದದ್ದಕ್ಕಿಂತ ಹೆಚ್ಚು ಕಾಲ ಮರೆಸುವುದಕ್ಕೆ ಹಿಡಿಯಿತು. ಕೊನೆಗೆ ಕಾಲು ಮರೆಯಿತು.

ಆಮೇಲೆ ಗೆಲುವೋ ಗೆಲುವು. ಲೆಮಾಯ್‌ಳ ಕಾಲು ಈಗ ಕೊಡಲಿಯ ಹಾಗೆ ಬೀಳುತ್ತಿತ್ತು. ಹಾಲ್ ತುಂಬಿತು, ಹೊರಗೆ ನಿಂತು ಕಾಯುವವರೂ ಆದರು. ಜಾಂಟಿಂಗ್ ಎರಡನೆಯ ಕಟ್ಟಳೆಯನ್ನು ಮಾತ್ರ ಕೈಬಿಡಲಿಲ್ಲ. ಆಟ ನಡೆಯುವಾಗ ಹಾಲ್‌ನಲ್ಲಿ ಯಾರೂ ಮಾತಾಡುವಂತಿಲ್ಲ. ಬೇರೆ ಕಡೆ ಕಿರುಚಾಟ, ಶಿಳ್ಳೆ, ಇಲ್ಲಿ ಸೂಜಿ ಬಿದ್ದರೂ ಕೇಳುವ ಮೌನ. ನೋಡಲು ಬಂದವರು ಎಂಥ ಶಿಸ್ತು ಎಂದು ತಲೆದೂಗುತ್ತಿದ್ದರು. ನಮ್ಮ ಹಿರಿಯರ ಕಟ್ಟಳೆ ಎಂದು ಅವನು ಎದೆಯುಬ್ಬಿಸಿ ಹೇಳುತ್ತಿದ್ದ. ಅದಕ್ಕೇನೂ ಖರ್ಚಿಲ್ಲ ನೋಡು, ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯಿತು. ಅವನನ್ನು ದೂರಬೇಡ ಮಗಾ. ಗುರುವಿಗೆ ಕೊಟ್ಟ ಮಾತನ್ನು ಉಳಿಸಿಕೊಂಡೆ ಎಂದು ಅವನು ನಿಜವಾಗಿ ನಂಬಿದ್ದ.

ಸುಗ್ಗಿಯ ಹಬ್ಬಕ್ಕೆ ಹಳೆಯ ಮನೆಯವರು ಹೇಳಿಕಳಿಸಿದರು. ಗೆದ್ದ ಹುಡುಗಿ ಪಡಸಾಲೆಯಲ್ಲಿ ಒಂದು ಆಟ ತೋರಿಸಲಿ, ಹಿರಿಯರು ಕಣ್ಣು ತುಂಬ ನೋಡಲಿ ಎಂದು. ಜಾಂಟಿಂಗ್ ಶಿಷ್ಯರನ್ನೆಲ್ಲ ಕರೆದುಕೊಂಡು ದೋಣಿ ಹತ್ತಿದ.

ಬಿದಿರಿನ ನೆಲ ಒಮ್ಮೆ ಹಾಸಿ ಮರೆಯುವಂಥದಲ್ಲ. ಹುಳ ಹಿಡಿದದ್ದನ್ನು ಕಿತ್ತು ಹೊಸದನ್ನು ಕಟ್ಟುತ್ತಿರಬೇಕು, ಅದಕ್ಕೆ ಪ್ರಾಯದ ಕೈಗಳು ಬೇಕು. ಕೈಗಳೆಲ್ಲ ಪೇಟೆಯಲ್ಲಿದ್ದವು. ಉಳಿದವರು ಹಬ್ಬದ ನೆಂಟರಿಗೆಂದು ಹಳೆಯ ಬಿದಿರಿನ ಮೇಲೆ ಹೊಸ ಚಾಪೆ ಹಾಸಿದ್ದರು. ಜಾಂಟಿಂಗ್ ಪಡಸಾಲೆಗೆ ಕಾಲಿಟ್ಟಾಗ ಅವನಿಗೆ ಗೊತ್ತಿಲ್ಲದೆಯೇ ಅವನ ಕಾಲು ನೆಲವನ್ನು ಕೇಳಿತು. ನಡುವಿನಲ್ಲಿ ನೆಲ ಸರಿಯಾಗಿ ಉತ್ತರ ಕೊಡಲಿಲ್ಲ. ಅವನು ಒಂದು ಗಳಿಗೆ ನಿಂತ. ಹೊಸ ಚಾಪೆ ಹಾಸಿದವರು ಕೆಳಗೆ ನೋಡಿಯೇ ಹಾಸಿರುತ್ತಾರೆ ಎಂದುಕೊಂಡು ಮುಂದೆ ಹೋಗಿ ಕೂತ.

ಜಾಗಟೆ ಬಡಿದು ನಿಲ್ಲಿಸಿದರು. ಲೆಮಾಯ್ ಮತ್ತು ಅವಳ ಜೊತೆಗಾತಿ ಎದುರುಬದುರಾಗಿ ನಿಂತರು. ಪಡಸಾಲೆ ಪೂರ್ತಿ ಮೌನವಾಯಿತು.

ಲೆಮಾಯ್ ಮೊದಲ ಹೆಜ್ಜೆ ಇಟ್ಟಳು. ಇಡೀ ಪಾದ, ಇಡೀ ಭಾರ, ಒಟ್ಟಿಗೆ. ಚಾಪೆಯ ಕೆಳಗೆ ಬಿದಿರು ಸಣ್ಣಗೆ ನರಳಿತು. ಅಷ್ಟು ಜನರ ನಡುವೆ ಆ ಸದ್ದಿನ ಅರ್ಥ ತಿಳಿಯುವವರು ಹಿರಿಯರು ಕೆಲವರೇ. ಜಾಂಟಿಂಗನಿಗೆ ತಿಳಿಯಿತು. ನಿಲ್ಲು ಎನ್ನುವ ಮಾತು ಗಂಟಲಿನವರೆಗೆ ಬಂತು. ಸುತ್ತ ನೋಡಿದ. ಹಿರಿಯರು ಬಾಯಿ ಮುಚ್ಚಿ ಕೂತಿದ್ದರು, ಅವನ ಶಿಷ್ಯರು ಬಾಯಿ ಮುಚ್ಚಿ ಕೂತಿದ್ದರು. ಈ ಮೌನವನ್ನು ಅವರಿಗೆ ಕಲಿಸಿದವನು ಅವನೇ. ತಾನೇ ಮುರಿಯುವುದು ಹೇಗೆ? ಇನ್ನೊಂದೇ ಹೊಡೆತ, ಆಟ ಮುಗಿಯುತ್ತದೆ ಎಂದು ಮಾತನ್ನು ನುಂಗಿಕೊಂಡ.

ಲೆಮಾಯ್ ತನಗೆ ಪಂದ್ಯಗಳನ್ನು ಗೆಲ್ಲಿಸಿಕೊಟ್ಟಿದ್ದ ನೆಗೆತವನ್ನು ನೆಗೆದಳು. ಇಳಿದ ಕಾಲು ನೆಲವನ್ನು ಸೀಳಿಕೊಂಡು ತೊಡೆಯವರೆಗೆ ಹೋಯಿತು. ಸೀಳಿದ ಬಿದಿರಿನ ಅಂಚು ಕತ್ತಿಗಿಂತ ಕಡಿಮೆಯೇನಲ್ಲ. ಅವಳು ಕೂಗಿದಳು. ಅವಳು ಕೂಗಿದ ಮೇಲೆ ಎಲ್ಲರಿಗೂ ಬಾಯಿ ಬಂತು.

ದೋಣಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದರು. ಕಾಲು ಉಳಿಯಿತು. ಮಂಡಿಯ ಕೆಳಗಿನ ನರ ಉಳಿಯಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಅವಳ ತಾಯಿ ಜಾಂಟಿಂಗನನ್ನು ನಿಲ್ಲಿಸಿದಳು. ಅವಳೂ ಅದೇ ಪಡಸಾಲೆಯಲ್ಲಿ ಕಲಿತವಳು.

"ಬಿದಿರು ಕೂಗಿದ್ದು ನಿಮಗೆ ಕೇಳಿಸ್ತಾ, ಭಾವ?"

"ಕೇಳಿಸ್ತು."

"ನಾನು ಹಿಂದೆ ಅಡುಗೆ ಒಲೆ ಹತ್ರ ಇದ್ದೆ, ನನಗೆ ಕೇಳಿಸ್ಲಿಲ್ಲ. ಕೇಳಿಸಿದವರು ನೀವು ಯಾಕೆ ಕೂಗ್ಲಿಲ್ಲ?"

"ಆಟ ನಡೀತಿತ್ತು. ಮಾತಾಡಬಾರದು ಅನ್ನೋ ಕಟ್ಟಳೆ."

ಅವಳು ದನಿ ಏರಿಸಲಿಲ್ಲ. "ಆಡೋರ ಕಾಲಿಗೆ ನೆಲದ ಮಾತು ಕೇಳಿಸ್ಲಿ ಅಂತ ನೋಡೋರು ಬಾಯಿ ಮುಚ್ಚೋದು, ಭಾವ. ಆ ಕಾಲಿಗೆ ಕೇಳೋದನ್ನೇ ಮರೆಸಿದ ಮೇಲೆ ನೀವು ಬಾಯಿ ಮುಚ್ಚಿದ್ದು ಯಾರಿಗೋಸ್ಕರ?"

ಉತ್ತರಕ್ಕೆ ಕಾಯದೆ ಅವಳು ಮಗಳ ಹತ್ತಿರ ಹೋದಳು.

ಮುಂದೆ ಏನಾಯಿತು ಎನ್ನುತ್ತೀಯಾ? ಏನೂ ಆಗಲಿಲ್ಲ. ಹಳೆಯ ಮನೆಯವರು ಬಿದಿರು ಕಿತ್ತು ಪಡಸಾಲೆಗೆ ಸಿಮೆಂಟು ಹಾಕಿಸಿದರು. ಪೇಟೆಯ ಹಾಲ್ ತುಂಬಿಯೇ ಇತ್ತು. ನೆಲವನ್ನು ಕೇಳಬೇಕಾದ ಜಾಗ ಇನ್ನು ಎಲ್ಲಿಯೂ ಉಳಿಯಲಿಲ್ಲ, ಆದ್ದರಿಂದ ಜಾಂಟಿಂಗ್ ಮಾಡಿದ್ದೇ ಸರಿ ಎಂದವರೂ ಇದ್ದರು. ಲೆಮಾಯ್ ಅದೇ ಹಾಲ್‌ಗೆ ಬಂದು ಚಿಕ್ಕವರಿಗೆ ಕೈವರಸೆ ಹೇಳಿಕೊಡುತ್ತಿದ್ದಳು. ಅವಳ ಆ ಪಾದ ಈಗ ಮೇಲೇಳುವುದಿಲ್ಲ. ನಡೆಯುವಾಗ ಅದರ ಹೊರ ಅಂಚು ಮೊದಲು ನೆಲಕ್ಕೆ ತಾಗುತ್ತದೆ. ಅವಳು ಅರೆಕ್ಷಣ ತಡೆಯುತ್ತಾಳೆ, ಕಾಲು ತಾಳುತ್ತದೆ ಎಂದು ತಿಳಿದ ಮೇಲೆ ಭಾರ ಬಿಡುತ್ತಾಳೆ. ಆಟ ನಡೆಯುವ ಹೊತ್ತಿನಲ್ಲಿ, ಎಲ್ಲರೂ ಬಾಯಿ ಮುಚ್ಚಿ ಕೂತಿರುವಾಗ, ಹಾಸಿನಾಚೆಯ ಸಿಮೆಂಟಿನ ಮೇಲೆ ಆ ಹೆಜ್ಜೆಯ ಸದ್ದೊಂದೇ ಕೇಳಿಸುತ್ತದೆ. ಆ ಸದ್ದು ಹತ್ತಿರ ಬಂದಾಗಲೆಲ್ಲ ಜಾಂಟಿಂಗ್ ಕಣ್ಣು ಮುಚ್ಚಿಕೊಳ್ಳುತ್ತಾನೆ. ಕಿವಿ ಮುಚ್ಚಿಕೊಳ್ಳಲು ಅವನಿಗೆ ಧೈರ್ಯವಿಲ್ಲ.

ಉಸ್ತಾದರು ಕತೆ ನಿಲ್ಲಿಸಿ ಮಂಡಿ ಉಜ್ಜಿಕೊಂಡರು. ಅಖಾಡದಲ್ಲಿ ಹುಡುಗರು ಮಣ್ಣು ಅಗೆದು ಮುಗಿಸಿ ಗುದ್ದಲಿಗಳನ್ನು ಗೋಡೆಗೆ ಒರಗಿಸುತ್ತಿದ್ದರು.

ಶಿಷ್ಯ ಕೇಳಿದ. "ಹಾಗಾದ್ರೆ ಅವನು ಆ ಹೆಜ್ಜೆ ಬಿಟ್ಟಿದ್ದೇ ತಪ್ಪಾ, ಉಸ್ತಾದ್ರೇ? ನಾನೂ ಏನನ್ನೂ ಬಿಡಬಾರ್ದಾ?"

ಉಸ್ತಾದರು ಅವನ ಕಡೆ ನೋಡಲಿಲ್ಲ, ಮಣ್ಣಿಗಿಳಿಯುತ್ತಿದ್ದ ಹುಡುಗರ ಕಡೆ ನೋಡಿದರು.

"ಬಿಡೋನು ನೀನು ಮಗಾ, ಬೀಳೋರು ಯಾರು ಅಂತ ನೋಡಿದ್ದೀಯಾ?"

ಶಿಷ್ಯ ಎದ್ದು ಅಖಾಡಕ್ಕಿಳಿದು, ಅಗೆದ ಮೆತ್ತನೆಯ ಮಣ್ಣಿನ ಮೇಲೆ ಪಾದ ಊರಿ ನೋಡಿದ.