ಬಳೆಗಾರ್ತಿಯ ಹೊಟ್ಟೆಯ ಗಡ್ಡೆ

"ಗುರುಗಳೇ, ತಪ್ಪನ್ನು ತಿದ್ದುವುದು ಒಳ್ಳೆಯದೇ ಅಲ್ಲವೇ? ಹಾಗಾದರೆ ತಿದ್ದಿಸಿಕೊಂಡವರು ಯಾಕೆ ಮುನಿಸಿಕೊಂಡು ಹೋಗುತ್ತಾರೆ?" ಎಂದು ಶಿಷ್ಯ ಕೇಳಿದ. ಮಠದ ಊಟದ ಮನೆಯ ಉಸ್ತುವಾರಿ ಅವನದು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅವನು ಬೈದಿದ್ದಕ್ಕೆ ಅಡುಗೆಯವಳು ಅಂದು ಬೆಳಗ್ಗೆ ಸೌಟು ಇಟ್ಟು ಹೊರಟುಹೋಗಿದ್ದಳು.

ಗುರುಗಳು ಹೇಳತೊಡಗಿದರು.

ಒಬ್ಬ ಬಳೆಗಾರ್ತಿಗೆ ಮೊಲೆ ಕುಡಿಯುವ ಮಗುವಿತ್ತು. ಎರಡು ತುತ್ತು ಉಂಡರೆ ಅವಳ ಹೊಟ್ಟೆ ಬಿರಿಯುತ್ತಿತ್ತು, ಮೂರನೆಯದು ವಾಂತಿ. ಉಣ್ಣದವಳಿಗೆ ಹಾಲೆಲ್ಲಿಂದ ಬರಬೇಕು? ಮಗು ಚೀಪಿ ಚೀಪಿ ಅಳುತ್ತಿತ್ತು. ಹೊಟ್ಟೆ ಮಾತ್ರ ದಿನೇ ದಿನೇ ಮುಂದಕ್ಕೆ ಬರುತ್ತಿತ್ತು. "ಕೂಸು ಇನ್ನೂ ಅಂಬೆಗಾಲಿಟ್ಟಿಲ್ಲ, ಇದು ಎಷ್ಟನೇ ತಿಂಗಳೇ?" ಎಂದು ಅತ್ತೆ ಚುಚ್ಚಿದಳು.

ಆಸ್ಪತ್ರೆಯ ಡಾಕ್ಟರಮ್ಮ ಸ್ಕ್ಯಾನ್ ನೋಡಿದರು. "ಲಿವರಿನಲ್ಲಿ ರಕ್ತನಾಳಗಳ ಗಡ್ಡೆ ಬೆಳೆದಿದೆ. ಕ್ಯಾನ್ಸರ್ ಅಲ್ಲ. ಚಿಕ್ಕದಾಗಿದ್ದರೆ ಇರಲಿ ಬಿಡು ಅನ್ನುತ್ತಿದ್ದೆ. ಇದು ನಿನ್ನ ಜಠರವನ್ನೇ ಒತ್ತಿ ಹಿಡಿದಿದೆ, ತೆಗೆಯಬೇಕು."

ಹೊಟ್ಟೆ ತೆರೆದಾಗ ಜೊತೆಗಿದ್ದ ಡಾಕ್ಟರು, "ಮೇಡಂ, ಗಡ್ಡೆಯ ಜೊತೆಗೆ ಆ ಕಡೆಯ ಲಿವರನ್ನೂ ಕತ್ತರಿಸಿಬಿಡೋಣ, ಬೇಗ ಮುಗಿಯುತ್ತದೆ. ಲಿವರು ಹೇಗೂ ಮತ್ತೆ ಬೆಳೆಯುತ್ತದಲ್ಲ" ಎಂದರು.

"ಬೆಳೆಯುತ್ತದೆ. ಆದರೆ ಅದೇನು ತಪ್ಪು ಮಾಡಿತ್ತು?" ಎಂದರು ಡಾಕ್ಟರಮ್ಮ.

ಆ ಗಡ್ಡೆಗೂ ಲಿವರಿಗೂ ನಡುವೆ ಒಂದು ತೆಳ್ಳನೆಯ ಪೊರೆಯಿತ್ತು. ಆಕೆ ಅದನ್ನು ಹುಡುಕಿದರು. ಹಲಸಿನ ತೊಳೆ ಬಿಡಿಸುವಂತೆ ಆ ಪೊರೆಯ ಗುಂಟ ಬಿಡಿಸುತ್ತಾ ಹೋದರು. ಎದುರಾದ ಒಂದೊಂದು ರಕ್ತನಾಳವನ್ನೂ ಮೊದಲು ಕಟ್ಟಿದರು, ಆಮೇಲೆ ಕತ್ತರಿಸಿದರು. ನಿಂತು ನಿಂತು ಕಾಲು ಊದಿಕೊಂಡವು, ಕೈ ಮಾತ್ರ ಅವಸರಪಡಲಿಲ್ಲ. ಗಡ್ಡೆ ಇಡಿಯಾಗಿ ಹೊರಗೆ ಬಂತು.

ಎಚ್ಚರವಾದ ಬಳೆಗಾರ್ತಿ ಹೆದರುತ್ತಲೇ ಕೇಳಿದಳು, "ನನ್ನ ಲಿವರಿನಲ್ಲಿ ಎಷ್ಟು ಹೋಯಿತಮ್ಮ?"

"ನಿನ್ನದೇನೂ ಹೋಗಿಲ್ಲ ಕಣಮ್ಮ. ಬಾಡಿಗೆ ಕೊಡದೆ ಕೂತವನನ್ನು ಹೊರಗೆ ಹಾಕಿದ್ದೇನೆ, ಅಷ್ಟೆ. ಗೋಡೆ ಒಡೆದಿಲ್ಲ."

ಗಾಯ ಮಾಗಿದ ಮೇಲೆ ಬಳೆಗಾರ್ತಿ ತಟ್ಟೆ ತುಂಬ ಅನ್ನ ಉಂಡಳು. ದಿನ ಕಳೆದಂತೆ ಹಾಲು ಬಂತು. ಮಗು ಕುಡಿಯುತ್ತಾ ಕುಡಿಯುತ್ತಾ ನಿದ್ದೆಹೋಯಿತು.

"ಆ ಡಾಕ್ಟರಮ್ಮನ ಕೈಗೆ ನಮಸ್ಕಾರ" ಎಂದ ಶಿಷ್ಯ.

ಗುರುಗಳು ಅವನ ಮುಖ ನೋಡಿದರು. "ಉಪ್ಪು ಹೆಚ್ಚಾಗಿದ್ದು ಸಾರಿಗೆ ಕಣಪ್ಪ, ಬೈಯುವಾಗ ನೀನು ಆ ಅಡುಗೆಯವಳ ಹೆತ್ತ ತಾಯಿಯವರೆಗೂ ಯಾಕೆ ಕೊಯ್ದುಕೊಂಡು ಹೋದೆ?"