ಬಿಳಿಕಲ್ಲು ಹೊಳೆಗಿಳಿದದ್ದು

ಭೂಮಿಯ ಮೈಬಿಸಿ ಇನ್ನೂ ಆರಿರದ ಕಾಲ. ಹೊಳೆಗಳು ದಾರಿ ಹುಡುಕುತ್ತಿದ್ದವು, ಬೆಟ್ಟಗಳು ಆಗಾಗ ಬೆಂಕಿ ಉಗುಳುತ್ತಿದ್ದವು.

ಅಂಥದೊಂದು ಹೊಳೆಯಲ್ಲಿ ಸುರುಳವ್ವ ಎಂಬ ಬಸವನಹುಳು ಇದ್ದಳು. ಒಮ್ಮೆ ಬೆಟ್ಟದ ಹೊಗೆ ಮೋಡಕ್ಕೆ ಸೇರಿ, ಮಳೆಯಾಗಿ ಹೊಳೆಗೆ ಸುರಿಯಿತು. ಅಂದಿನಿಂದ ಸುರುಳವ್ವನ ಚಿಪ್ಪು ತೆಳ್ಳಗಾಗತೊಡಗಿತು. ಇಟ್ಟ ಮೊಟ್ಟೆಗಳಲ್ಲಿ ಒಂದೂ ಮರಿಯಾಗಲಿಲ್ಲ.

"ನೀರಿಗೇನೋ ಆಗಿದೆ," ಎಂದಳು.

"ನನಗೇನಾಗಿದೆಯೇ? ತಳದ ಮರಳು ಎಣಿಸುವಷ್ಟು ತಿಳಿಯಾಗಿದ್ದೇನೆ!" ಎಂದಿತು ಹೊಳೆ.

ದಡದ ಶಂಖಪುಷ್ಪದ ಬಳ್ಳಿ ಬಾಗಿತು. "ತಿಳಿಯಾಗಿದ್ದರೆ ಸಾಲದು, ತಡಿ," ಎಂದು ಒಂದು ನೀಲಿ ಎಸಳನ್ನು ನೀರಿಗೆ ಉದುರಿಸಿತು. ನೋಡುನೋಡುತ್ತ ಎಸಳು ಗುಲಾಬಿ ಬಣ್ಣಕ್ಕೆ ತಿರುಗಿತು.

ಹೊಳೆ ಬೆಚ್ಚಿತು. "ಹುಳಿ! ನನ್ನೊಳಗೇ ಇದ್ದರೂ ನನಗೆ ತಿಳಿಯಲಿಲ್ಲವಲ್ಲ!"

ಆಗ ಗಾಳಿ ಹೇಳಿತು: "ಗುಡ್ಡದ ಮೇಲೊಂದು ಸುಣ್ಣದ ಕಲ್ಲಿದೆ. ಅದರ ಬುಡದಲ್ಲಿ ನಿಂತ ಮಳೆನೀರಿನಲ್ಲಿ ನಾನು ಹೊತ್ತೊಯ್ದ ಇಂಥದೇ ಎಸಳು ನೀಲಿಯಾಗೇ ಉಳಿದದ್ದನ್ನು ಕಂಡಿದ್ದೇನೆ."

ಸುರುಳವ್ವ ಹೊರಟೇಬಿಟ್ಟಳು. ಏಳು ಹಗಲು ತೆವಳಿದಳು. ಕಲ್ಲು ಹಾಲಿನಷ್ಟು ಬೆಳ್ಳಗೆ, ಕಡೆದಿಟ್ಟಷ್ಟು ನುಣ್ಣಗೆ ನಿಂತಿತ್ತು.

"ಅಣ್ಣಾ, ನೀನು ಬಂದರೆ ನನ್ನ ಮಕ್ಕಳು ಬದುಕುತ್ತವೆ. ಸುಳ್ಳು ಹೇಳಲಾರೆ, ಹುಳಿನೀರಿನಲ್ಲಿ ನೀನು ಕರಗುತ್ತೀಯ."

ಕಲ್ಲು ಅವಳ ಚಿಪ್ಪನ್ನೇ ನೋಡಿತು. ಬಿಸಿಲು ಹಾದುಹೋಗುವಷ್ಟು ತೆಳ್ಳಗಿತ್ತು ಅದು.

"ನಿನ್ನ ಚಿಪ್ಪೂ ಸುಣ್ಣವೇ, ನಾನೂ ಸುಣ್ಣವೇ. ನಾವು ಒಂದೇ ಮನೆಯವರು ತಂಗೀ," ಎಂದಿತು ಕಲ್ಲು. "ಗಾಳಿಯಣ್ಣಾ, ಸ್ವಲ್ಪ ನೂಕು."

ಗಾಳಿ ನೂಕಿತು. ಕಲ್ಲು ಉರುಳಿ ಉರುಳಿ ಧುಮ್ಮೆಂದು ಹೊಳೆಗೆ ಬಿತ್ತು. ಮೈಯೆಲ್ಲ ಸಣ್ಣ ಸಣ್ಣ ಗುಳ್ಳೆಗಳೆದ್ದವು. ಚುರುಚುರು ಉರಿದರೂ ಕಲ್ಲು ಅಲುಗಲಿಲ್ಲ. ಬಳ್ಳಿ ದಿನಕ್ಕೊಂದು ಎಸಳು ಉದುರಿಸಿತು. ಒಂದು ದಿನ ಗುಲಾಬಿ, ಇನ್ನೊಂದು ದಿನ ನೇರಳೆ. ಕೊನೆಗೊಂದು ದಿನ ಬಿದ್ದ ನೀಲಿ ಎಸಳು ನೀಲಿಯಾಗೇ ತೇಲಿಹೋಯಿತು.

ಗುಡ್ಡದಿಂದ ಇಳಿದು ಬಂದಿದ್ದ ಸುರುಳವ್ವನಿಗೆ ಹೊಸ ದಿಗಿಲು. "ಅಣ್ಣಾ, ಸಾಕು! ಅತಿಯಾದರೆ ಸುಣ್ಣವೂ ಸುಡುತ್ತದಂತೆ."

"ಹೆದರಬೇಡ. ಹುಳಿ ಎಷ್ಟು ಕೇಳುತ್ತದೋ ಅಷ್ಟನ್ನೇ ಕೊಡುತ್ತೇನೆ, ಒಂದು ಚಿಟಿಕೆ ಹೆಚ್ಚಿಲ್ಲ."

ಎಂಥ ಕಲ್ಲು ಅದು! ಕೊಡುವುದೂ ಗೊತ್ತಿತ್ತು, ನಿಲ್ಲಿಸುವುದೂ ಗೊತ್ತಿತ್ತು. ಆ ಸಲ ಸುರುಳವ್ವನ ಮೊಟ್ಟೆಗಳೊಡೆದು, ಸಾಸಿವೆಯಷ್ಟು ಮರಿಗಳು ಸಾಲುಸಾಲಾಗಿ ಹೊರಬಂದವು.

ಅದಕ್ಕೇ ಮಗೂ, ಹೊಳೆಯೊಳಗಿನ ಸುಣ್ಣದ ಕಲ್ಲನ್ನು ಇವತ್ತು ಸವರಿ ನೋಡಿದರೂ ಮೈತುಂಬ ಗುಳಿಗಳು ಕೈಗೆ ಸಿಗುತ್ತವೆ, ಗುಳಿಗುಳಿಯಲ್ಲೂ ಒಂದೊಂದು ಬಸವನಹುಳು ಬೆಚ್ಚಗೆ ಕೂತಿರುತ್ತದೆ.